ಮೇಜಿನ ಆಚೆ ಬದಿಯವನು

"ಮೇಡಂ, ಒಂದೇ ಒಂದು ನಿಮಿಷ ಇದನ್ನ ಹಿಡ್ಕೊಳ್ತೀರಾ?"

ಕೊರಿನ್ ವಾಸ್ಕೊ ಹೂಂ ಎನ್ನುವ ಮೊದಲೇ ಆ ಎತ್ತರದ ಮನುಷ್ಯ ಅವಳ ಕೈಗೆ ಒಂದು ಫಲಕವನ್ನು ಕೊಟ್ಟು, ಹಿಮದ ಮೇಲೆ ಮೊಣಕಾಲೂರಿ ತನ್ನ ಬೂಟಿನ ಬಿಚ್ಚಿದ ದಾರ ಕಟ್ಟತೊಡಗಿದ. ಬೆರಳುಗಳು ಮರಗಟ್ಟಿದ್ದವು. ಗಂಟು ಕೈಗೇ ಸಿಗುತ್ತಿರಲಿಲ್ಲ.

ಪೋರ್ಟ್ ಮೆರೆಡಿತ್ ನಗರಸಭೆಯ ಮೆಟ್ಟಿಲುಗಳ ಮುಂದೆ ಅಂದು ಬೆಳಿಗ್ಗೆ ಊರಿನ ಅರ್ಧ ಪೊಲೀಸರು ನಿಂತಿದ್ದರು. ಯಾರ ಮೈಮೇಲೂ ಸಮವಸ್ತ್ರವಿಲ್ಲ. ರಜೆಯಲ್ಲಿದ್ದವರು, ಪಾಳಿ ಮುಗಿಸಿ ಬಂದವರು, ಎಲ್ಲರ ಕೈಯಲ್ಲೂ ಫಲಕ. ಸರೋವರದ ಕಡೆಯಿಂದ ಬೀಸುವ ಜನವರಿಯ ಗಾಳಿಗೆ ಕಿವಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು!

ಕೊರಿನ್ ಫಲಕವನ್ನು ತಿರುಗಿಸಿ ಓದಿದಳು. 'ನೀವು ಕರೆದಾಗ ಬರುವವರು ಯಾರು?'

"ಅಂತೂ ಕಟ್ಟಿದೆ." ಆತ ಎದ್ದು ನಿಂತು ನಕ್ಕ. ಕಪ್ಪು ಮುಖ, ಹುಬ್ಬಿನ ಮೇಲೆ ಹಿಮದ ಪುಡಿ. "ಪಾಪ, ಚಳೀಲಿ ನಿಲ್ಲಿಸ್ಬಿಟ್ಟೆ. ತಗೊಳ್ಳಿ, ಕಾಫಿ ಕುಡೀರಿ. ನಮ್ಮ ಪರ ನಿಲ್ಲೋಕೆ ಊರಿನವರು ಒಬ್ಬರಾದ್ರೂ ಬಂದ್ರಲ್ಲ!"

ಅವಳು ಕಾಫಿ ತೆಗೆದುಕೊಂಡಳು. ಆ ಬಿಸಿ ಅಂಗೈಗೆ ಅಷ್ಟು ಹಿತವಾಗಿತ್ತು... ನಿಜ ಹೇಳಲು ಬಾಯಿ ಬರಲಿಲ್ಲ.

"ಇವತ್ತು ಯಾರೋ ವಕೀಲೆ ಬರ್ತಿದ್ದಾಳಂತೆ," ಆತ ದನಿ ತಗ್ಗಿಸಿದ. "ನಮ್ಮ ಸಂಬಳದ ಮಾತುಕತೆಗೆ ಅಂತ ನಗರಸಭೆಯವರು ರಾಜಧಾನಿಯಿಂದ ಕರೆಸಿದ್ದಾರೆ. ಕತ್ತಿ ಥರ ಇದ್ದಾಳಂತೆ ಕಣ್ರೀ!"

"ಹೌದಾ? ನೀವು ನೋಡಿದ್ದೀರಾ?"

"ಇಲ್ಲ. ಆದ್ರೆ ನೂರು ಜನರ ಮಧ್ಯೆ ಇದ್ರೂ ಗುರುತು ಹಿಡೀತೀನಿ. ಅಂಥೋರ ಮುಖದಲ್ಲಿ ನಗುವೇ ಇರಲ್ಲ."

ಕೊರಿನ್‌ಗೆ ನಗು ತಡೆಯಲಾಗಲಿಲ್ಲ. ಲೋಟವನ್ನು ಅವನ ಕೈಗೆ ವಾಪಸು ಕೊಟ್ಟಳು.

"ಕಾಫಿ ಚೆನ್ನಾಗಿತ್ತು. ಆ ಕತ್ತಿ ನಾನೇ."

ಅವನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಸರಿಯಾಗಿ ಅದೇ ಗಳಿಗೆಯಲ್ಲಿ ಪತ್ರಿಕೆಯವನ ಕ್ಯಾಮೆರಾ 'ಕ್ಲಿಕ್' ಎಂದಿತು!

* * *

"ಮೊದಲ ದಿನವೇ ಶತ್ರುಗಳ ಬಾವುಟ ಹಿಡಿದು ನಿಂತಿದ್ದೀರಿ!"

ನಗರದ ಆಡಳಿತಾಧಿಕಾರಿ ಲೋವೆಲ್ ಪ್ರಾಥರ್ ಮರುದಿನದ ಪತ್ರಿಕೆಯನ್ನು ಮೇಜಿನ ಮೇಲೆ ಎಸೆದರು. ಅರವತ್ತು ದಾಟಿದ, ಸಪೂರ ದೇಹದ, ನಗಲು ಕೂಡ ಲೆಕ್ಕ ಹಾಕುವ ಮನುಷ್ಯ. ಮುಖಪುಟದಲ್ಲಿ ಕೊರಿನ್ ಫಲಕ ಹಿಡಿದು ಕಿವಿಯವರೆಗೆ ನಗುತ್ತಿದ್ದಳು.

"ಕ್ಷಮಿಸಿ ಸರ್. ಬೂಟಿನ ದಾರ..."

"ದಾರಾನೋ ಹಗ್ಗಾನೋ! ಅವನು ಯಾರು ಗೊತ್ತಾ? ಸಾರ್ಜೆಂಟ್ ಏಮಸ್ ರಿಡಿಕ್. ಅವರ ಯೂನಿಯನ್ನಿನ ಅಧ್ಯಕ್ಷ. ನಾಳೆಯಿಂದ ನಿಮ್ಮೆದುರು ಕೂರೋನು ಅವನೇ."

ಎದುರು ಕುಳಿತಾಗ ಏಮಸ್ ಬೇರೆಯೇ ಮನುಷ್ಯನಾಗಿದ್ದ. ಇಸ್ತ್ರಿ ಮಾಡಿದ ಅಂಗಿ, ಗಂಭೀರ ಮುಖ. ಪಕ್ಕದಲ್ಲಿ ಎಡ್ ಬೊಲಿಂಜರ್ ಎಂಬ ಹಳೆಯ ಪೊಲೀಸ್, ನಿವೃತ್ತಿಯ ಅಂಚಿನವನು, ದಪ್ಪ ಮೀಸೆಯ ಹಿಂದೆ ಮಾತೇ ಇಲ್ಲದವನು.

"ಹೊಸಬರನ್ನ ಸೇರಿಸ್ಕೊಂಡು ತರಬೇತಿ ಕೊಡ್ತೀವಿ," ಏಮಸ್ ಹೇಳಿದ. "ಕೆಲಸ ಕಲೀತಿದ್ದ ಹಾಗೇ ಪಕ್ಕದ ಊರಿನವರು ಹೆಚ್ಚು ಸಂಬಳ ಕೊಟ್ಟು ಹಾರಿಸ್ಕೊಂಡು ಹೋಗ್ತಾರೆ. ಉಳಿದೋರು ಎರಡೆರಡು ಪಾಳಿ ಎಳೀತಿದ್ದೀವಿ. ಶೇಕಡಾ ಆರು ಏರಿಕೆ ಕೇಳ್ತಿರೋದು ಚೈನಿಗಲ್ಲ ಮೇಡಂ."

"ನಗರದ ಪ್ರಸ್ತಾಪ ಶೇಕಡಾ ಎರಡು."

"ಎರಡಾ? ಕಾಫಿ ವಾಪಸ್ ಕೊಟ್ಟಾಗಲೇ ನಂಗೆ ಅನುಮಾನ ಬಂದಿತ್ತು!"

ಅವರ ಕಡೆಯವರು ನಕ್ಕರು. ಕೊರಿನ್ ನಗಲಿಲ್ಲ. ಮೆಲ್ಲಗೆ ಕೇಳಿದಳು.

"ಸಾರ್ಜೆಂಟ್, ಈ ಊರಿಗೆ ತೆರಿಗೆ ಕಟ್ಟೋ ಉಕ್ಕಿನ ಕಾರ್ಖಾನೆ ಈಗಿಲ್ಲ. ನಿಮಗೆ ಕೊಡೋ ಒಂದೊಂದು ಡಾಲರೂ ಇನ್ನೆಲ್ಲಿಂದಲೋ ತೆಗೀಬೇಕು. ಎಲ್ಲಿಂದ ತೆಗೀಲಿ, ನೀವೇ ಹೇಳಿ. ಹಿಮ ತೆಗೆಯೋ ಗಾಡಿಗಳಿಂದಲಾ? ಮಿಲ್ ಬೀದಿಯ ಗ್ರಂಥಾಲಯದಿಂದಲಾ?"

ಏಮಸ್ ಅವಳನ್ನೇ ನೋಡಿದ... ಮೊದಲ ಬಾರಿಗೆ, ತಮಾಷೆಯಿಲ್ಲದೆ.

'ಈತ ನಿಜವಾಗಿಯೂ ಯೋಚಿಸುತ್ತಿದ್ದಾನೆ,' ಅಂದುಕೊಂಡಳು ಕೊರಿನ್. ಇಷ್ಟು ವರ್ಷ ಎಷ್ಟೋ ಮೇಜುಗಳ ಎದುರು ಕುಳಿತಿದ್ದಳು. ಕೇಳಿದ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಹೋಗುವವರನ್ನು ಕಂಡದ್ದು ಅಪರೂಪ.

* * *

"ನನ್ನ ಮಗಳು ಮಾಲೀಕರ ಕುರ್ಚೀಲಿ!"

ಅಪ್ಪ ಸ್ಟೆಫಾನ್ ವಾಸ್ಕೊ ಎಲೆಕೋಸು ಹುರಿಯುತ್ತ ಬಾಣಲೆಯನ್ನು ಕುಟ್ಟಿದ. ಅದೇ ಉಕ್ಕಿನ ಕಾರ್ಖಾನೆಯಲ್ಲಿ ಬೆನ್ನು ಬಗ್ಗುವವರೆಗೆ ದುಡಿದವನು. ಮುಷ್ಕರದ ಚಳಿಗಾಲದಲ್ಲಿ ಮನೆಯವರಿಗೆಲ್ಲ ಬರೀ ಆಲೂಗೆಡ್ಡೆ ತಿನ್ನಿಸಿದವನು. ವಿಚ್ಛೇದನದ ನಂತರ ಊರಿಗೆ ಮರಳಿದ ಮಗಳಿಗೆ ಮೇಲಿನ ಕೋಣೆ ಬಿಟ್ಟುಕೊಟ್ಟಿದ್ದ, ಬೈಗುಳದ ಸಮೇತ.

"ಮಾಲೀಕರಲ್ಲಪ್ಪಾ, ನಗರ. ಅಂದ್ರೆ ನೀನೂ ಸೇರಿ."

"ನನ್ನನ್ನ ಎಳೀಬೇಡ ಕಣೇ! ಆ ಹುಡುಗ ಹೇಗೆ?"

"ಯಾವ ಹುಡುಗ?"

"ಪೇಪರಲ್ಲಿ ನಿನ್ನನ್ನ ನೋಡಿ ಬಾಯಿ ಬಿಟ್ಕೊಂಡಿದ್ನಲ್ಲ, ಆ ಹುಡುಗ."

ಕೊರಿನ್ ತಟ್ಟೆಗಳನ್ನು ಜೋಡಿಸುವ ನೆಪದಲ್ಲಿ ಮುಖ ತಿರುಗಿಸಿದಳು.

* * *

"ಕುರ್ಚೀಲಿ ಕೂತು ನಮ್ಮ ಕೆಲಸಕ್ಕೆ ಬೆಲೆ ಕಟ್ತೀರಲ್ಲ, ಒಂದು ಪಾಳಿ ನನ್ನ ಗಾಡೀಲಿ ಕೂತು ನೋಡಿ," ಎಂದು ಏಮಸ್ ಸವಾಲು ಹಾಕಿದ್ದ. ಅವಳು ಮಾರನೆಯ ವಾರವೇ ಬಂದು ಕುಳಿತಳು.

ಬೆಳಿಗ್ಗೆಯೆಲ್ಲ ಸಣ್ಣಪುಟ್ಟ ಕೆಲಸ. ಹಿಮದಲ್ಲಿ ಹೂತ ಕಾರು, ಕಳೆದುಹೋದ ನಾಯಿ, ಅಂಗಡಿಯ ಮುಂದೆ ಮಲಗಿದ್ದ ಮುದುಕ. ಆ ಮುದುಕನನ್ನು ಏಮಸ್ ಹೆಸರು ಹಿಡಿದು ಎಬ್ಬಿಸಿ, ಕೈಹಿಡಿದು ಆಶ್ರಯಧಾಮಕ್ಕೆ ಬಿಟ್ಟು ಬಂದ.

ಮಧ್ಯಾಹ್ನ ಕರೆ ಬಂತು. ಮಿಲ್ ಬೀದಿಯ ಮನೆಯೊಂದರಲ್ಲಿ ಗಲಾಟೆ, ಗಾಜು ಒಡೆಯುವ ಸದ್ದು.

ಮನೆಯ ಮುಂದೆ ಗಾಡಿ ನಿಲ್ಲಿಸಿ ಏಮಸ್ ಇನ್ನೊಬ್ಬ ಪೊಲೀಸನನ್ನು ಕಳಿಸುವಂತೆ ವೈರ್‌ಲೆಸ್‌ನಲ್ಲಿ ಕೇಳಿದ. ಇಂಥ ಮನೆಗೆ ಒಬ್ಬನೇ ನುಗ್ಗುವಂತಿಲ್ಲ. ಆದರೆ ಇದ್ದ ಇನ್ನೊಂದು ಗಾಡಿ ಸೇತುವೆಯ ಮೇಲಿನ ಅಪಘಾತದಲ್ಲಿ ಸಿಕ್ಕಿಕೊಂಡಿತ್ತು. ಮೂರನೆಯದಕ್ಕೆ ಓಡಿಸುವವನೇ ಇರಲಿಲ್ಲ. ಆ ಹುದ್ದೆ ಖಾಲಿ.

ಒಳಗಿಂದ ಮಗುವೊಂದು ಕಿರುಚಿತು.

ಏಮಸ್ ಅವಳ ಕಡೆ ನೋಡಿದ. "ಏನೇ ಆದ್ರೂ ಗಾಡಿಯಿಂದ ಇಳೀಬೇಡಿ."

"ಒಬ್ರೇ ಹೋಗ್ತೀರಾ? ನಿಯಮ..."

"ಮಗು ಇದೆ ಕಣ್ರೀ."

ಹೋದ. ಬಾಗಿಲು ಮುಚ್ಚಿಕೊಂಡಿತು. ಕೊರಿನ್ ಎರಡೂ ಕೈಗಳನ್ನು ತೊಡೆಗಳ ಸಂದಿಯಲ್ಲಿ ಒತ್ತಿ ಹಿಡಿದು ಕುಳಿತಳು. ಒಳಗೆ ಏನೋ ಬಿದ್ದ ಸದ್ದು. ಗಂಡಸಿನ ಕೂಗು. ಆಮೇಲೆ... ಏನೂ ಇಲ್ಲ. ಆ 'ಏನೂ ಇಲ್ಲ' ಎಂಬುದು ಎಷ್ಟು ಭಯಂಕರವಾಗಿರಬಲ್ಲದು ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

'ದೇವರೇ, ಆ ಬಾಗಿಲು ತೆರೆಯಲಿ. ಅಷ್ಟೇ. ತೆರೆಯಲಿ...'

ಬಾಗಿಲು ತೆರೆಯಿತು. ಏಮಸ್‌ನ ತೋಳಿನಲ್ಲಿ, ಅವನ ದಪ್ಪ ಜಾಕೆಟ್ಟಿನೊಳಗೆ ಸುತ್ತಿದ ಪುಟ್ಟ ಹುಡುಗಿ. ಹಿಂದೆ ತುಟಿ ಒಡೆದ ತಾಯಿ. ಗಂಡ ಒಳಗೆ ಕೈಗೆ ಕೋಳ ಹಾಕಿಸಿಕೊಂಡು ನೆಲದ ಮೇಲೆ ಕುಳಿತಿದ್ದ.

ಪಾಳಿ ಮುಗಿದ ಮೇಲೆ ಇಬ್ಬರೂ ಮೂಲೆಯ ಹೋಟೆಲಿನಲ್ಲಿ ಟೊಮ್ಯಾಟೊ ಸೂಪಿನ ಮುಂದೆ ಕುಳಿತರು. ಏಮಸ್ ಚಮಚ ಎತ್ತಿದ. ಅದು ಬಟ್ಟಲಿಗೆ ತಾಗಿ ಟಣಟಣ ಎಂದಿತು. ಕೈ ನಡುಗುತ್ತಿತ್ತು.

"ಪ್ರತಿ ಸಲಾನೂ ಹೀಗಾಗುತ್ತಾ?" ಅವಳು ಮೆಲ್ಲಗೆ ಕೇಳಿದಳು.

"ಪ್ರತಿ ಸಲಾನೂ. ಯೂನಿಯನ್ನಿಗೆ ಹೇಳಬೇಡಿ, ನನ್ನ ಮರ್ಯಾದೆ ಹೋಗುತ್ತೆ."

ಅವಳು ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿ ಬಂತು. ಏಮಸ್ ಅದನ್ನು ಕಂಡ. ಕಂಡೂ ಕಾಣದವನಂತೆ ಕರವಸ್ತ್ರವನ್ನು ಅವಳ ಕಡೆ ಸರಿಸಿದ.

ಆ ಸಂಜೆ ಅವರು ಬಹಳ ಹೊತ್ತು ಮಾತನಾಡಿದರು. ಅವಳ ಮುರಿದ ಮದುವೆ. ಅವನು ಮದುವೆಯಾಗದೇ ಉಳಿದದ್ದು, ಎರಡೆರಡು ಪಾಳಿ ದುಡಿಯುವವನಿಗಾಗಿ ಯಾವ ಹುಡುಗಿ ಕಾಯುತ್ತಾಳೆ ಎಂಬ ನಗೆಚಾಟಿಕೆ. ಮಾತು ಎಡ್‌ನ ಕಡೆ ಹೊರಳಿದಾಗ ಏಮಸ್ ದನಿ ಇಳಿಸಿದ.

"ಎಡ್ ಯಾಕೆ ಅಷ್ಟು ಮೌನ ಗೊತ್ತಾ? ಅವನ ಹೆಂಡತಿ ಜೋನ್‌ಗೆ ಕ್ಯಾನ್ಸರ್. ಈ ಕೆಲಸದ ವಿಮೆ ಒಂದು ಇಲ್ದೇ ಹೋದ್ರೆ ಮನೆ ಮಾರಬೇಕು. ಯಾರಿಗೂ ಹೇಳಿಲ್ಲ ಅವನು. ನನಗೆ ಮಾತ್ರ... ನಾನ್ಯಾಕೆ ನಿಮಗೆ ಹೇಳಿದ್ನೋ!"

"ನನ್ನಿಂದ ಆಚೆ ಹೋಗಲ್ಲ," ಎಂದಳು ಕೊರಿನ್.

ಎದ್ದು ಹೊರಡುವಾಗ ಅವಳ ಕೋಟನ್ನು ಏಮಸ್ ಹಿಡಿದುಕೊಟ್ಟ. ಅವನ ಕೈ ಅವಳ ಭುಜದ ಮೇಲೆ ಒಂದು ಕ್ಷಣ ಹೆಚ್ಚಾಗಿಯೇ ನಿಂತಿತು. ಇಬ್ಬರೂ ನಾಳೆ ಮತ್ತೆ ಮೇಜಿನ ಎರಡು ಬದಿಗಳಲ್ಲಿ ಕೂರಬೇಕಾದವರು.

* * *

"ಶೇಕಡಾ ನಾಲ್ಕು ಕೊಡೋಣ," ಎಂದರು ಪ್ರಾಥರ್.

ಕೊರಿನ್‌ಗೆ ನಂಬಲಾಗಲಿಲ್ಲ. "ನಿಜವಾಗ್ಲೂ?"

"ಬದಲಿಗೆ, ಕುಟುಂಬದ ವಿಮೆಗೆ ಅವರ ಕೈಯಿಂದ ಹೋಗೋ ಪಾಲು ಎರಡರಷ್ಟಾಗಲಿ. ಮದುವೆಯಾಗದ ಹುಡುಗರಿಗೆ ಲಾಭ, ಅವರು ಹೂಂ ಅಂತಾರೆ. ಸಂಸಾರಸ್ಥರು ಬೇಡ ಅಂತಾರೆ. ಯೂನಿಯನ್ನು ಎರಡು ಹೋಳಾದ್ರೆ ಸಾಕು, ಒಪ್ಪಂದ ನಮ್ಮದು."

ಅವಳಿಗೆ ಎಡ್‌ನ ಹೆಂಡತಿ ನೆನಪಾದಳು. ಜೋನ್!

ಆದರೆ ಜೋನ್‌ಳ ಹೆಸರನ್ನು ಹೇಗೆ ಹೇಳುವುದು? ಮಾತು ಕೊಟ್ಟಾಗಿತ್ತು.

"ಬೇಡ ಸರ್. ವಿಮೆಗೆ ಕೈಹಾಕಬೇಡಿ. ಕಾಯಿಲೆ ಇರೋ ಮನೆಗಳು ಮುಳುಗಿ ಹೋಗ್ತವೆ."

"ಯಾವ ಮನೆ?"

"...ಯಾವುದಾದ್ರೂ ಮನೆ."

"ಕೊರಿನ್, ಹೋದ ವರ್ಷ ಪೂರ್ವಭಾಗದ ಗ್ರಂಥಾಲಯದ ಬಾಗಿಲಿಗೆ ಬೀಗ ಹಾಕಿದವನು ನಾನು. ಮಕ್ಕಳು ಮೆಟ್ಟಿಲ ಮೇಲೆ ನಿಂತು ನೋಡ್ತಿದ್ರು. ಇನ್ನೊಂದು ಬೀಗ ನನ್ನ ಕೈಲಿ ಹಾಕೋಕಾಗಲ್ಲ." ಅವರ ದನಿಯಲ್ಲಿ ಕ್ರೌರ್ಯವಿರಲಿಲ್ಲ. ದಣಿವಿತ್ತು. "ದುಡ್ಡು ಎಲ್ಲಿಂದಾದ್ರೂ ಬರಲೇಬೇಕಲ್ಲ!"

ಶನಿವಾರ, ಭಾನುವಾರ, ಎರಡೂ ದಿನ ಅವಳು ವಾದಿಸಿದಳು. ಬೇರೆ ದಾರಿ ತೋರಿಸಿದಳು. ದನಿಯೇರಿಸಿ ಜಗಳವಾಡಿದಳು. ಪ್ರಾಥರ್ ಜಗ್ಗಲಿಲ್ಲ. ಕೊನೆಗೆ ಹೇಳಿದರು. "ನಿರ್ಧಾರ ನನ್ನದು. ಅದನ್ನ ಅವರ ಮುಂದೆ ಇಡೋದು ನಿಮ್ಮ ಕೆಲಸ. ಈ ಕೋಣೇಲಿ ಆಡಿದ ಮಾತು ಈ ಕೋಣೇಲೇ ಇರಲಿ."

ಅವಳು ಆ ಕೆಲಸವನ್ನು ಒಪ್ಪಿಕೊಂಡು ಬಂದವಳು. ಮಾಡಲೇಬೇಕಾಗಿತ್ತು.

* * *

ಪ್ರಸ್ತಾಪ ಓದಿ ಮುಗಿಸುವಾಗ ಕೊರಿನ್ ತಲೆಯೆತ್ತಲಿಲ್ಲ. ಕಾಗದ ಕೆಳಗಿಟ್ಟ ಮೇಲೆಯೇ ಎದುರಿಗೆ ನೋಡಿದಳು.

ಎಡ್ ಬೊಲಿಂಜರ್‌ನ ಮುಖ ಬಿಳಿಚಿಕೊಂಡಿತ್ತು.

ಏಮಸ್ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಉರುಳಿತು.

"ವಿಮೆ! ಎಲ್ಲಾ ಬಿಟ್ಟು ವಿಮೆ! ಎಲ್ಲಿ ಚುಚ್ಚಿದ್ರೆ ನೋವಾಗುತ್ತೆ ಅಂತ ಚೆನ್ನಾಗಿ ತಿಳ್ಕೊಂಡು ಹೋದ್ರಿ ಅಲ್ವಾ? ಆ ಹೋಟೆಲಲ್ಲಿ ಕೂತು ನಾನು ಹೇಳಿದ್ದನ್ನ ಈ ಮೇಜಿಗೆ ತಂದು ಸುರಿದ್ರಾ? ಆ ಕಣ್ಣೀರೂ ನಾಟಕಾನಾ?"

ಎಡ್ ನಿಧಾನವಾಗಿ ಅವನ ಕಡೆ ತಿರುಗಿದ.

"ನೀನು... ಏನು ಹೇಳಿದೆ ಅವಳಿಗೆ, ಏಮಸ್?"

ಏಮಸ್ ಎಡ್‌ನ ಕಡೆ ನೋಡಲಾರದೆ, ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

ಒಂದೇ ಒಂದು ವಾಕ್ಯ! 'ಇದು ನನ್ನದಲ್ಲ, ನಾನು ಬೇಡವೆಂದು ಹೊಡೆದಾಡಿದೆ' ಎಂಬ ಒಂದೇ ವಾಕ್ಯ ಅವಳ ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನಾಡಿದ್ದರೆ ಏಮಸ್ ಅವಳವನಾಗಿ ಉಳಿಯುತ್ತಿದ್ದ. ಆದರೆ ಯಾರ ಪರವಾಗಿ ಬಂದು ಕುಳಿತಿದ್ದಳೋ ಅವರನ್ನು ಎದುರಾಳಿಯ ಮುಂದೆ ಮಾರಿದಂತಾಗುತ್ತಿತ್ತು.

"ನಗರದ ಪ್ರಸ್ತಾಪ ನಿಮ್ಮ ಮುಂದಿದೆ," ಎಂದಳು. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. "ನಿಮ್ಮ ಉತ್ತರಕ್ಕೆ ಕಾಯ್ತೀವಿ."

ಏಮಸ್ ಅವಳನ್ನು ನೋಡಿದ ಆ ನೋಟ... ಅದಕ್ಕಿಂತ ಅವನು ಇನ್ನೂ ನಾಲ್ಕು ಮಾತು ಬೈದಿದ್ದರೇ ಚೆನ್ನಾಗಿತ್ತು!

ಮನೆಗೆ ಬಂದು ಅವಳು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕುಳಿತಳು. ಅಪ್ಪ ಎದುರಿಗೆ ಚಹಾ ಇಟ್ಟ.

"ಅಪ್ಪಾ, ಮುಷ್ಕರ ಮುಗಿದ ಮೇಲೆ, ನಿನ್ನನ್ನ ಬೈದೋರ ಜೊತೆ ಹೇಗೆ ಕೆಲಸ ಮಾಡಿದೆ?"

ಸ್ಟೆಫಾನ್ ಕುರ್ಚಿ ಎಳೆದುಕೊಂಡು ಕುಳಿತ. "ನಮ್ಮ ಮೇಸ್ತ್ರಿ ಒಬ್ಬ ಇದ್ದ. ಗೇಟಲ್ಲಿ ನಾನು ಅವನಿಗೆ ಬಾಯಿಗೆ ಬಂದಂಗೆ ಬೈದಿದ್ದೆ. ಒಳಗೆ ನಮ್ಮ ಪರ ಮಾತಾಡಿದೋನು ಅವನೊಬ್ಬನೇ ಅಂತ ಅವನು ಸತ್ತ ಮೇಲೆ ಗೊತ್ತಾಯ್ತು. ಒಂದು ಸಲವಾದ್ರೂ ಹೇಳಬಹುದಿತ್ತು ಮುಂಡೇದು... ಹೇಳಲಿಲ್ಲ."

ಅವನು ಮಗಳ ಮುಖವನ್ನೇ ನೋಡಿದ.

* * *

ಮರುದಿನ ಅವಳು ಪ್ರಾಥರ್ ಕೋಣೆಗೆ ಹೋದಳು.

"ಮುಂದಿನ ಮಾತುಕತೆಗೆ ನೀವೂ ಬಂದು ಕೂತ್ಕೊಳ್ಳಿ ಸರ್."

"ನಾನ್ಯಾಕೆ? ನಿಮಗೆ ಸಂಬಳ ಕೊಡೋದು ಯಾತಕ್ಕೆ?"

"ನೀವು ಹೇಳಿದ್ದನ್ನ ಒಂದು ಸಲ ಹೇಳಿದೆ. ಎರಡನೇ ಸಲ ನೀವೇ ಅವರ ಮುಖ ನೋಡಿ ಹೇಳಿ. ನಿಮ್ಮ ಕೈಲಿ ಆದ್ರೆ, ಪಕ್ಕದಲ್ಲಿ ಕೂತು ಸಹಿ ಹಾಕಿಸೋದು ನನ್ನ ಜವಾಬ್ದಾರಿ."

ಪ್ರಾಥರ್ ಬಂದರು. ಅಸಹನೆಯಿಂದಲೇ ಬಂದರು.

ಅಂದು ಏಮಸ್ ಬಾಯಿ ತೆರೆಯುವ ಮೊದಲೇ ಎಡ್ ಅವನ ತೋಳು ಹಿಡಿದ. "ಇರು. ಇದು ನನ್ನದು." ಆಮೇಲೆ ಪ್ರಾಥರ್ ಕಡೆ ತಿರುಗಿದ.

"ನನ್ನ ಹೆಂಡತಿ ಹೆಸರು ಜೋನ್. ಈ ಊರಿನ ಶಾಲೇಲಿ ಹಾಡು ಕಲಿಸ್ತಿದ್ಲು. ನಿಮ್ಮ ಮಕ್ಕಳಿಗೂ ಕಲಿಸಿರಬಹುದು."

ಪ್ರಾಥರ್‌ರ ಪೆನ್ನು ನಿಂತಿತು.

"ಈಗ ಅವಳಿಗೆ ಕ್ಯಾನ್ಸರ್. ಔಷಧಿ ಶುರುವಾಗಿ ಕೂದಲೆಲ್ಲಾ ಹೋಗಿದೆ. ಟೋಪಿ ಹಾಕ್ಕೊಂಡು ಈಗಲೂ ಹಾಡ್ತಾಳೆ. ನಾನು ಇಷ್ಟು ವರ್ಷ ಈ ಊರಿನ ಕೆಟ್ಟ ಜಾಗಗಳಿಗೆಲ್ಲಾ ನುಗ್ಗಿದ್ದೀನಿ, ಯಾವತ್ತೂ ಏನೂ ಬೇಡಿಲ್ಲ. ಏರಿಕೆ ನಂಗೆ ಬೇಡ ಸಾಹೇಬ್ರೇ. ಎಲ್ಲಾ ಹುಡುಗರಿಗೇ ಕೊಡಿ, ಅವರು ಊರು ಬಿಟ್ಟು ಹೋಗದೇ ಇರಲಿ. ಆ ವಿಮೆ ಒಂದನ್ನ ಮುಟ್ಟಬೇಡಿ."

ಪ್ರಾಥರ್ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಸ್ವಲ್ಪ ಹೊತ್ತು ಬಿಡುವು ಕೊಡಿ," ಎಂದು ಎದ್ದು ಹೋದರು.

ಪಕ್ಕದ ಕೋಣೆಯಲ್ಲಿ ಕೊರಿನ್ ಹಳೆಯ ದಾರಿಯನ್ನೇ ಮತ್ತೆ ಬಿಡಿಸಿಟ್ಟಳು. ಖಾಲಿ ಹುದ್ದೆಗಳಿಗೆಂದು ತೆಗೆದಿಟ್ಟ ಹಣ ಹೇಗೂ ಹೆಚ್ಚುವರಿ ಪಾಳಿಗೆ ಹರಿದು ಹೋಗುತ್ತಿದೆ. ಅದನ್ನೇ ಹೊಸಬರ ಸಂಬಳಕ್ಕೆ ಸೇರಿಸಿದರೆ ಅವರು ಉಳಿಯುತ್ತಾರೆ. ಅವರು ಉಳಿದರೆ ಹೆಚ್ಚುವರಿ ಪಾಳಿಯೂ ಕಡಿಮೆಯಾಗುತ್ತದೆ. ಈ ಬಾರಿ ಪ್ರಾಥರ್ ತಲೆಯಾಡಿಸಿದರು. ಆದರೂ ಮೊದಲ ವರ್ಷಕ್ಕೆ ಒಂದಿಷ್ಟು ಕೊರತೆ ಬೀಳುತ್ತಿತ್ತು.

ಮತ್ತೆ ಮೇಜಿಗೆ ಬಂದು ಅದನ್ನು ಹೇಳಿದಾಗ, ಆ ಕೊರತೆಗೆ ಉತ್ತರ ಬಂದದ್ದು ಏಮಸ್‌ನಿಂದ. ಅವಳ ಮುಖ ನೋಡದೆಯೇ ಹೇಳಿದ.

"ನಮ್ಮ ಏರಿಕೆ ಜನವರಿಯಿಂದ ಬೇಡ. ಜುಲೈಯಿಂದ ಶುರುವಾಗಲಿ. ಆ ದುಡ್ಡಲ್ಲಿ ಮಿಲ್ ಬೀದಿ ಗ್ರಂಥಾಲಯ ತೆರೆದೇ ಇರಲಿ. ಎಲ್ಲಿಂದ ತೆಗೀಬೇಕು ಅಂತ ಒಬ್ಬರು ಕೇಳಿದ್ರು... ನಮ್ಮಿಂದಲೇ ತೆಗೀರಿ."

* * *

ಶೇಕಡಾ ನಾಲ್ಕು ಏರಿಕೆ, ವಿಮೆ ಮೊದಲಿನಂತೆಯೇ. ಪೊಲೀಸರು ಈ ಒಪ್ಪಂದದ ಪರ ಮತ ಹಾಕಿದರು. ನಗರಸಭೆಯೂ ಒಪ್ಪಿತು. ಸಹಿಯ ದಿನ ಎಲ್ಲರೂ ನಗುತ್ತ ಕೈಕುಲುಕಿದರು.

ಕೊರಿನ್ ಎಡ್‌ನ ಕಡೆ ಕೈಚಾಚಿದಳು.

ಎಡ್ ಆ ಕೈಯನ್ನು ನೋಡಿದ. ತನ್ನ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಅವಳ ಚಾಚಿದ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಏಮಸ್ ನೆಲ ನೋಡುತ್ತಿದ್ದ. ಅವಳು ನಗುವಿಗೆ ಪ್ರಯತ್ನಿಸಿ, ಕೈ ಹಿಂದಕ್ಕೆ ತೆಗೆದುಕೊಂಡು ಹೊರಟಳು.

"ನಿಲ್ಲಿ!" ಎಂದರು ಪ್ರಾಥರ್.

ಆ ಸಪೂರ ಮನುಷ್ಯನ ಕಿವಿಗಳು ಕೆಂಪಗಾಗಿದ್ದವು. "ಬೊಲಿಂಜರ್, ಕೈ ಕೊಡಬಾರದು ಅಂತಿದ್ರೆ ನನಗೆ ಕೊಡಬೇಡಿ. ವಿಮೆಯ ಮಾತು ನನ್ನದು. ಅವತ್ತಿನ ಬೈಗುಳ ನನ್ನ ಕಿವಿಗೂ ಬಿದ್ದಿದೆ. ಈ ಹೆಣ್ಣುಮಗಳು ಬೇಡ ಬೇಡ ಅಂತ ಎರಡು ದಿನ ನನ್ನ ಜೊತೆ ಕಾದಾಡಿದಳು. ನಿಮ್ಮ ಹೆಂಡತಿ ವಿಷಯ ಒಂದಕ್ಷರ ಹೇಳಲಿಲ್ಲ. ಹೇಳಿದ್ದಿದ್ರೆ... ನಾನು ಅವತ್ತೇ ಬಿಟ್ಟುಬಿಡ್ತಿದ್ದೆನೋ ಏನೋ. ಆಚೆ ಬಂದು ನನ್ನನ್ನೂ ಬಿಟ್ಟುಕೊಡಲಿಲ್ಲ. ಬೈಗುಳ ತಿಂದ್ಕೊಂಡು ಸುಮ್ಮನಿದ್ದಳು."

ಕೊರಿನ್ ತಿರುಗಿ ನೋಡದೆ ಮೆಟ್ಟಿಲಿಳಿದಳು.

ಹಿಂದೆ ಓಡಿ ಬರುವ ಹೆಜ್ಜೆಗಳು...

"ಕೊರಿನ್! ಕೊರಿನ್, ನಿಲ್ಲಿ. ಯಾಕೆ... ಯಾಕೆ ಹೇಳಲಿಲ್ಲ?"

"ಹೇಳೋ ಹಾಗಿರಲಿಲ್ಲ."

"ನೀವು ಸುಮ್ಮನಿದ್ರಿ. ತಪ್ಪು ಒಪ್ಪಿಕೊಂಡ್ರಿ ಅಂದ್ಕೊಂಡೆ. ನಿಜ ಹೇಳಬೇಕಂದ್ರೆ, ಎಡ್‌ನ ಗುಟ್ಟು ಬಾಯಿಬಿಟ್ಟೋನು ನಾನು. ಆ ಕೋಪ ನನ್ನ ಮೇಲೇ ಇತ್ತು. ನಿಮ್ಮ ಮೇಲೆ ತೀರಿಸ್ಕೊಂಡೆ. ಕ್ಷಮಿಸಿ..."

ಅವಳ ಕಣ್ಣಲ್ಲಿ ಇಷ್ಟು ದಿನ ಕಟ್ಟಿಕೊಂಡಿದ್ದೆಲ್ಲ ತುಂಬಿ ಬಂತು.

"ಬೈದಿದ್ದಕ್ಕೆ ನೋವಿಲ್ಲ ಏಮಸ್. ನಂಬಿಬಿಟ್ರಲ್ಲ... ಅಷ್ಟು ಬೇಗ! ಒಂದು ಸಲ ಪಕ್ಕಕ್ಕೆ ಕರೆದು 'ಇದು ನೀವೇನಾ' ಅಂತ ಕೇಳಬಹುದಿತ್ತು. ನಾನು ಉತ್ತರ ಹೇಳ್ತಿರಲಿಲ್ಲ. ಆದ್ರೂ ಕೇಳಬಹುದಿತ್ತು."

ಅವಳು ಹೋದಳು.

* * *

ಹಿಮ ಕರಗಿತು. ರಸ್ತೆಯ ಬದಿಯ ಕೊಳಕು ನೀರೂ ಒಣಗಿತು. ಏಮಸ್ ಫೋನ್ ಮಾಡಲಿಲ್ಲ. ಕೇಳುವ ಹಕ್ಕನ್ನು ಕಳೆದುಕೊಂಡವನಂತೆ ದೂರವೇ ಉಳಿದ. ಆದರೆ ಯೂನಿಯನ್ನಿನ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು, ತಾನು ಗೆಳೆಯನ ಗುಟ್ಟನ್ನು ಹೊರಗೆ ಆಡಿದ್ದನ್ನೂ, ನಿರಪರಾಧಿಯನ್ನು ಬೈದದ್ದನ್ನೂ ತಾನಾಗಿಯೇ ಹೇಳಿಕೊಂಡನಂತೆ.

ಇದನ್ನು ಅವಳಿಗೆ ತಿಳಿಸಿದವನು ಎಡ್. ಒಂದು ಮಧ್ಯಾಹ್ನ ಟೋಪಿಯನ್ನು ಕೈಯಲ್ಲಿ ಹಿಡಿದು ಅವಳ ಕಚೇರಿಯ ಬಾಗಿಲಲ್ಲಿ ನಿಂತ.

"ಜೋನ್ ಕಳಿಸಿದ್ಲು. ಹೋಗಿ ಕೈ ಕುಲುಕಿ ಬಾ, ಇಲ್ಲಾಂದ್ರೆ ಮನೆಗೆ ಬರಬೇಡ ಅಂದ್ಲು." ಅವನ ದೊಡ್ಡ ಒರಟು ಕೈ ಅವಳ ಕೈಯನ್ನು ಮುಚ್ಚಿತು. "ಮತ್ತೆ, ಆ ನಮ್ಮ ಹುಡುಗ... ಊಟ ಸರಿಯಾಗಿ ಮಾಡ್ತಿಲ್ಲ. ರಜಾ ದಿನ ಬಂದ್ರೆ ಸಾಕು, ಬಂದರಿನ ಕಟ್ಟೆ ಮೇಲೆ ಗಾಳ ಹಾಕ್ಕೊಂಡು ಕೂರ್ತಾನೆ. ಮೀನೂ ಹಿಡಿಯಲ್ಲ, ಮಾತೂ ಆಡಲ್ಲ. ನಾನು ಕ್ಷಮಿಸಿದ್ದೀನಿ ಮೇಡಂ. ನೀವೇನು ಮಾಡ್ತೀರೋ ನಿಮಗೆ ಬಿಟ್ಟದ್ದು."

ಎಡ್ ಹೋದ ಮೇಲೆ ಅವಳು ಬಹಳ ಹೊತ್ತು ಕಿಟಕಿಯ ಬಳಿ ನಿಂತಿದ್ದಳು. ಆ ಒಂದು ದಿನದ ಕೂಗಾಟವನ್ನು ಮರೆಯಲು ಹೋದಾಗಲೆಲ್ಲ ನೆನಪಿಗೆ ಬರುತ್ತಿದ್ದುದು ಬೇರೆಯೇ. ಜಾಕೆಟ್ಟಿನೊಳಗೆ ಸುತ್ತಿದ ಮಗು. ನಡುಗುವ ಕೈ. 'ನಮ್ಮಿಂದಲೇ ತೆಗೀರಿ' ಎಂದ ದನಿ. ಅವನ ಮೇಲೆ ಕೋಪವಿಟ್ಟುಕೊಂಡೇ ಅವನಿಗಾಗಿ ಹಂಬಲಿಸುತ್ತಿದ್ದೇನೆ ಎಂಬುದನ್ನು ತನ್ನಿಂದಲೇ ಎಷ್ಟು ದಿನ ಮುಚ್ಚಿಡುವುದು?

ಸೀದಾ ಪ್ರಾಥರ್ ಕೋಣೆಗೆ ನಡೆದಳು.

"ಸರ್, ಇನ್ನು ಮುಂದೆ ಪೊಲೀಸರ ಒಪ್ಪಂದ ಬೇರೆಯವರಿಗೆ ಕೊಡಿ. ಅಗ್ನಿಶಾಮಕದವರದ್ದು, ರಸ್ತೆ ಕೆಲಸದವರದ್ದು, ಉಳಿದದ್ದೆಲ್ಲ ನಾನೇ ಮಾಡ್ತೀನಿ. ಪೊಲೀಸರ ಮುಂದೆ ಮಾತ್ರ ನಾನು ಕೂರಬಾರದು. ಕಾರಣ..."

"ಕಾರಣ ಇಡೀ ನಗರಸಭೆಗೇ ಗೊತ್ತು," ಎಂದರು ಪ್ರಾಥರ್ ತಲೆಯೆತ್ತದೆ. "ಅಗ್ನಿಶಾಮಕದವರಲ್ಲಿ ಮದುವೆಯಾಗದೋರು ಎಷ್ಟು ಜನ ಇದ್ದಾರೆ ಅಂತ ಈಗಲೇ ವಿಚಾರಿಸಿಬಿಡ್ಲಾ?"

ಅವರು ತಮಾಷೆ ಮಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು!

* * *

ಶನಿವಾರ ಬೆಳಿಗ್ಗೆ ಬಂದರಿನ ಕಲ್ಲುಕಟ್ಟೆಯ ತುದಿಯಲ್ಲಿ ಏಮಸ್ ಕುಳಿತಿದ್ದ. ನೀರಿನ ಮೇಲೆ ಬಿಸಿಲು. ಹಕ್ಕಿಗಳ ಗಲಾಟೆ. ಗಾಳ ನೀರಿನಲ್ಲಿತ್ತು, ಗಮನ ಇನ್ನೆಲ್ಲೋ.

"ಮೀನು ಸಿಕ್ತಾ?"

ಅವನು ಬೆಚ್ಚಿ ತಿರುಗಿದ. ಎದ್ದು ನಿಲ್ಲಲು ಹೋಗಿ ಬುಟ್ಟಿ ಉರುಳಿಸಿದ. ಬುಟ್ಟಿ ಖಾಲಿಯಿತ್ತು.

"ಕೊರಿನ್... ನೀವು... ಇಲ್ಲಿ?"

ಅವಳು ಅವನ ಪಕ್ಕದಲ್ಲಿ ಕುಳಿತಳು.

"ಪೊಲೀಸರ ಒಪ್ಪಂದ ಬೇರೆಯವರಿಗೆ ಕೊಟ್ಟಾಯ್ತು," ಎಂದಳು ಅವಳು. "ಇನ್ನು ನಿಮ್ಮೆದುರು ನಾನು ಕೂರಲ್ಲ."

"ನನ್ನ ಮೇಲಿನ ಕೋಪಕ್ಕಾ?"

"ಪೆದ್ದ!"

ಆ ಒಂದು ಪದಕ್ಕೆ ಅವನ ಮುಖದಲ್ಲಿ ಏನೋ ಸಡಿಲವಾಯಿತು. ಗಾಳದ ಕೋಲನ್ನು ಕಲ್ಲಿನ ಮೇಲೆ ಇಟ್ಟ.

"ಈ ದಿನಗಳೆಲ್ಲಾ ಒಂದೇ ಯೋಚನೆ. ಅವತ್ತು ನೀವು ನಿಜ ಹೇಳಿಬಿಟ್ಟಿದ್ರೆ ನಂಗೆ ಖುಷಿಯಾಗ್ತಿತ್ತು. ಆದ್ರೆ ಒಳಗೊಳಗೇ ಅಂದ್ಕೊಳ್ತಿದ್ದೆ, ಇವಳು ನಂಗೋಸ್ಕರ ಅವರ ಮಾತು ಹೊರಗೆ ಹಾಕಿದ್ಲು, ನಾಳೆ ಇನ್ಯಾರಿಗೋ ನನ್ನ ಮಾತು ಹಾಕ್ತಾಳೆ ಅಂತ. ನೀವು ಎರಡೂ ಕಡೆಯವರ ಗುಟ್ಟನ್ನ ಕಾದ್ರಿ, ಎರಡೂ ಕಡೆಯಿಂದ ಏಟು ತಿಂದ್ರಿ. ನಿಮ್ಮಂಥೋರನ್ನ ನಾನು ನೋಡೇ ಇಲ್ಲ." ಅವನು ಉಸಿರೆಳೆದುಕೊಂಡ. "ನಾನು ನಿಮ್ಮನ್ನ ಪ್ರೀತಿಸ್ತೀನಿ ಕೊರಿನ್. ಇದರಲ್ಲಿ ಚೌಕಾಸಿ ಏನೂ ಇಲ್ಲ. ನೀವು ಇಲ್ಲ ಅಂದ್ರೂ ಇದು ಕಡಿಮೆಯಾಗಲ್ಲ."

ಅವಳು ಕೈಚಾಚಿ ಅವನ ಕೈಯನ್ನು ಹಿಡಿದಳು. ಅದು ನಡುಗುತ್ತಿತ್ತು. ಈ ಬಾರಿ ಅವಳದೂ.

"'ನೀವು' ಅನ್ನೋದನ್ನ ಮೊದಲು ಬಿಡು."

"...ಕೊರಿನ್."

"ಹೂಂ. ನಾನೂ ನಿನ್ನನ್ನ ಪ್ರೀತಿಸ್ತೀನಿ. ಆ ಬಾಗಿಲು ತೆರೆದು ನೀನು ಹೊರಗೆ ಬಂದೆಯಲ್ಲ, ಅವತ್ತಿಂದ." ಅವಳು ಅವನ ಕಣ್ಣುಗಳನ್ನೇ ನೋಡಿದಳು. "ಆದ್ರೆ ಒಂದು ಮಾತು ಹೇಳು ಏಮಸ್. ನಾಳೆ ಮತ್ತೆ ಯಾವತ್ತಾದ್ರೂ ನನ್ನ ಮೇಲೆ ಅನುಮಾನ ಬಂದ್ರೆ?"

"ಮೊದಲು ನಿನ್ನನ್ನೇ ಕೇಳ್ತೀನಿ."

"ನಾನು ಹೇಳೋ ಹಾಗಿಲ್ಲ ಅಂದ್ರೆ?"

ಏಮಸ್ ಅವಸರಪಡಲಿಲ್ಲ. ಅವಳ ಬೆರಳುಗಳನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ನಿಜವಾಗಿಯೂ ಯೋಚಿಸಿದ.

"ಕಾಯ್ತೀನಿ," ಎಂದ.

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.